ಕಬ್ಬಿಣದ ನಾಲಗೆ

ಕತರೀನಾ ತಿದಿ ಒತ್ತುತ್ತಿದ್ದಳು. ಒಳಗೆ ಒಲೆಯ ಮೇಲೆ ಗಂಜಿ ಇಟ್ಟು ಬಂದಿದ್ದಳು. ಅದು ತಳ ಹಿಡಿಯುವುದರೊಳಗೆ ಗಂಡನ ಕಬ್ಬಿಣ ಕೆಂಪಾಗಬೇಕು ಎಂಬುದಷ್ಟೇ ಅವಳ ಚಿಂತೆ. ಕುಲುಮೆಯ ಕೆಂಡದಲ್ಲಿ ಬಿದ್ದಿದ್ದ ತಗಡು ನಾನು. ನನಗಿನ್ನೂ ಆಕಾರವಿರಲಿಲ್ಲ, ಹೆಸರೂ ಇರಲಿಲ್ಲ.

“ಏನು ಮಾಡ್ತಿದ್ದೀಯ? ಬಾಣಲೆಯಾ?” ಎಂದು ಕೇಳಿದಳು.

“ಊರ ಹಿರಿಯರು ಹೇಳಿದ ಕೆಲಸ,” ಎಂದ ಗಂಡ. “ನೀನು ತಿದಿ ಒತ್ತು.”

ಅವನು ನನ್ನಲ್ಲಿ ಎರಡು ದೊಡ್ಡ ಕಣ್ಣು ಕೊರೆದ. ಕತ್ತೆಯ ಕಿವಿ ಬೆಸೆದ, ಹಂದಿಯ ಮೂತಿ ಬಡಿದ. ಕತರೀನಾ ನಕ್ಕಳು. ಸುಗ್ಗಿಯ ಹಬ್ಬಕ್ಕೆ ಯಾರೋ ವೇಷ ಹಾಕುತ್ತಾರೆ ಎಂದುಕೊಂಡಳು. ಆಮೇಲೆ ಅವನು ನಾಲಗೆ ಮಾಡಿದ. ಗೇಣುದ್ದದ್ದು ಒಂದು ಹೊರಗೆ ಜೋತುಬಿತ್ತು, ಅದಕ್ಕೆ ಕೆಂಪು ಬಣ್ಣ. ಎರಡು ಬೆರಳು ಅಗಲದ ಇನ್ನೊಂದನ್ನು ಒಳಮುಖವಾಗಿ ಜೋಡಿಸಿದ. ಅದರ ಅಂಚನ್ನು ಉಜ್ಜಿ ನುಣುಪು ಮಾಡಲಿಲ್ಲ.

ಕತರೀನಾಳ ಕೈ ತಿದಿಯ ಮೇಲೆ ನಿಂತುಹೋಯಿತು.

“ಒಳಗಿನದು ಯಾಕೆ?”

“ಬಾಯಿ ಜೋರಿರೋ ಹೆಂಗಸರಿಗೆ. ನಾಲಗೆ ಅಲ್ಲಾಡಬಾರದಲ್ಲ. ನಿಲ್ಲಿಸಬೇಡ, ಕಬ್ಬಿಣ ಆರಿಹೋಗುತ್ತೆ.”

ಅವಳು ಮತ್ತೆ ಒತ್ತತೊಡಗಿದಳು. ಒಳಗೆ ಗಂಜಿ ಸೀದಿತ್ತು. ನಾನು ಹುಟ್ಟಿದ ಗಳಿಗೆಯ ನೆನಪೆಂದರೆ ಆ ಸೀದ ವಾಸನೆ.

ಹೀಗೆ ನಾನು ಒಂದು ಮುಖವಾಡವಾದೆ. ಜರ್ಮನಿಯ ರೈನ್ ನದಿಯ ದಡದಲ್ಲಿ, ದ್ರಾಕ್ಷಿ ಬೆಳೆದು ವೈನ್ ಮಾಡುವ ಒಂದು ಸಣ್ಣ ಪಟ್ಟಣ ನನ್ನ ಊರು. ನಾಲ್ಕು ನೂರು ವರ್ಷದ ಹಿಂದಿನ ಮಾತು. ನನ್ನನ್ನು ಯಾತಕ್ಕೆ ಮಾಡಿದರು ಎಂದು ಕೇಳಿಸಿಕೊಂಡಿದ್ದೆ. ಆದರೆ ಕೇಳಿಸಿಕೊಳ್ಳುವುದು ಬೇರೆ, ಒಂದು ಮುಖದ ಮೇಲೆ ಕೂರುವುದು ಬೇರೆ.

ಮೊದಲ ಮುಖ ಎಲ್ಸ್‌ಬೆತ್ ಎಂಬ ಕೂಲಿ ಹೆಂಗಸಿನದು. ನದಿಗೆ ಇಳಿಜಾರಾಗಿ ಬೀಳುವ ತೋಟಗಳಲ್ಲಿ ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ದ್ರಾಕ್ಷಿ ಹೊರುತ್ತಿದ್ದಳು. ಊರ ಹಿರಿಯನೊಬ್ಬನ ವೈನ್ ಪೀಪಾಯಿಗೆ ನೀರು ಬೆರೆಸುವುದನ್ನು ಕಣ್ಣಾರೆ ಕಂಡು, ಸಂತೆಯಲ್ಲಿ ನಿಂತು ಕೂಗಿ ಹೇಳಿದ್ದಳು. ಅಷ್ಟೇ ಅವಳ ತಪ್ಪು. ಮೂರು ಶನಿವಾರ ನನ್ನನ್ನು ತೊಟ್ಟು ಸಂತೆಯ ಮಧ್ಯೆ ನಿಲ್ಲಬೇಕೆಂದು ತೀರ್ಪಾಯಿತು.

ನನ್ನನ್ನು ಅವಳ ತಲೆಗೆ ಇಳಿಸಿ ಹಿಂದೆ ಬೀಗ ಹಾಕಿದಾಗ ನಾನು ಬೆಚ್ಚಿಬಿದ್ದೆ. ನನ್ನ ಒಳನಾಲಗೆಯ ಕೆಳಗೆ ಒಂದು ಬಿಸಿ, ಒದ್ದೆ, ಜೀವಂತ ವಸ್ತು ಒದ್ದಾಡುತ್ತಿತ್ತು. ನಾನು ಹಿಂದೆ ಸರಿಯಲಾರೆ, ಕಬ್ಬಿಣ. ಹೊರಗಿನವರಿಗೆ ನನ್ನ ಹಂದಿಮೂತಿ ಕಾಣುತ್ತಿತ್ತು. ಅವರು ನಗುತ್ತಿದ್ದರು, ಕೊಳೆತ ಹಣ್ಣು ಎಸೆಯುತ್ತಿದ್ದರು. ಒಳಗೆ ನಾನೂ ಎಲ್ಸ್‌ಬೆತ್ತಳೂ ಇಬ್ಬರೇ. ಅವಳ ಉಸಿರಿನ ತೇವಕ್ಕೆ ನನಗೆ ಮೊದಲ ತುಕ್ಕು ಹಿಡಿಯಿತು.

ಮೂರನೆಯ ಶನಿವಾರ ನನ್ನನ್ನು ತೆಗೆದಾಗ ಅವಳು ಏನಾದರೂ ಹೇಳುತ್ತಾಳೆಂದು ಕಾದೆ. ಹೇಳಲಿಲ್ಲ. ಮುಂದೆಂದೂ ಸಂತೆಯಲ್ಲಿ ಅವಳ ದನಿ ಏಳಲಿಲ್ಲ. “ಈಗ ನೋಡಿ, ಎಷ್ಟು ಒಳ್ಳೆಯ ಹೆಂಗಸಾಗಿದ್ದಾಳೆ,” ಎಂದು ಜನ ಮೆಚ್ಚಿದರು.

ಅವಳ ನಂತರ ಹದಿನಾರು ಮಂದಿ. ಅತ್ತೆಗೆ ಎದುರಾಡಿದವಳು, ಪಾದ್ರಿಯ ಮೇಲೆ ಚಾಡಿ ಹೇಳಿದವಳು, ಗಂಡ ಮಲಗಗೊಡುವುದಿಲ್ಲ ಎಂದು ನೆರೆಯವಳ ಮುಂದೆ ಅತ್ತವಳು. ಒಬ್ಬೊಬ್ಬರ ಉಸಿರಿನ ವಾಸನೆಯೂ ನನಗೆ ನೆನಪಿದೆ.

ಕಾಲ ಬದಲಾಯಿತು, ಕಾನೂನು ಬದಲಾಯಿತು. ನನ್ನನ್ನು ಒಂದು ವೈನ್ ನೆಲಮಾಳಿಗೆಯ ಮೂಲೆಗೆ ಎಸೆದರು. ನೂರು ವರ್ಷ ಪೀಪಾಯಿಗಳ ನಡುವೆ ಕತ್ತಲಲ್ಲಿದ್ದೆ. ನನಗದು ಸುಖದ ಕಾಲ. ಆಮೇಲೆ ಹೋಟೆಲಿನವನೊಬ್ಬ ಕೊಂಡು ಗೋಡೆಗೆ ತೂಗುಹಾಕಿದ. ಕುಡಿಯಲು ಬಂದವರು ನನಗೆ ಟೋಪಿ ಹಾಕಿ, “ಹೆಂಡತಿ ನೆನಪಾಗ್ತಾಳೆ,” ಎಂದು ನಗುತ್ತಿದ್ದರು. ಅವನು ಸತ್ತ ಮೇಲೆ ನದಿಯಾಚೆಯ ಬೆಟ್ಟದ ಕೋಟೆಯವರು ನನ್ನನ್ನು ತಂದು, ಹಳೆಯ ಸೆರೆಮನೆಯ ಕೋಣೆಯಲ್ಲಿ ಒಂದು ತಿರುಗಣೆಯ ಮೇಲೆ ಕೂರಿಸಿದರು. ಪ್ರವಾಸಿಗರು ಬರತೊಡಗಿದರು. ಮೊದಲು ಜರ್ಮನ್ ಒಂದೇ ತಿಳಿಯುತ್ತಿತ್ತು. ವರ್ಷಗಟ್ಟಲೆ ಕೇಳಿ ಕೇಳಿ ಎಲ್ಲ ಭಾಷೆಗಳೂ ಬಂದವು. ಬಾಯಿ ಮುಚ್ಚಿಸುವ ಕೆಲಸದಲ್ಲಿದ್ದವರಿಗೆ ಕಿವಿ ಬಲು ಚುರುಕಾಗುತ್ತದೆ.

ಹೋದ ಬೇಸಿಗೆ ಚಿತ್ರದುರ್ಗದ ಒಂದು ತಂಡ ದೋಣಿ ಇಳಿದು ಬೆಟ್ಟ ಹತ್ತಿ ಬಂತು. ಬೆಳಗಿನಿಂದ ಅವರಿಗೆ ಇದು ಮೂರನೆಯ ಕೋಟೆ.

“ಇದೂ ಒಂದು ಕೋಟೆಯೇನ್ರೀ? ನಮ್ಮ ದುರ್ಗದ ಮುಂದೆ ಇದು ಕಾಂಪೌಂಡ್ ಗೋಡೆ!” ಎನ್ನುತ್ತಲೇ ಒಳಗೆ ಬಂದವರು ಚನ್ನವೀರಪ್ಪ. ಊರಲ್ಲಿ ಸಿಮೆಂಟ್ ಅಂಗಡಿ, ಕೈಯಲ್ಲಿ ಹೊಸ ಮನೆಯ ಕೆಲಸ. ಹಿಂದೆ ಹೆಂಡತಿ ಗಂಗಾಂಬಿಕೆ, ಸೀರೆಯ ಮೇಲೆ ಸ್ವೆಟರ್, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ. ಅವಳ ಪಕ್ಕದಲ್ಲಿ ಬೀಗಿತ್ತಿ ಕಾತ್ಯಾಯಿನಿ, ಮಗಳು ವಿನುತಳ ಅತ್ತೆ. ಮದುವೆಯ ಸಂತೋಷದಲ್ಲಿ ಎರಡು ಮನೆಯವರೂ ಸೇರಿ ವರ್ಷದ ಹಿಂದೆಯೇ ಗೊತ್ತುಮಾಡಿಕೊಂಡ ಪ್ರವಾಸವಂತೆ.

ನನ್ನನ್ನು ಮೊದಲು ಕಂಡವರು ಕಾತ್ಯಾಯಿನಿ.

“ಅಯ್ಯೋ, ಬರ್ರಿ ಇಲ್ಲಿ! ಇವರೂ ದೃಷ್ಟಿಬೊಂಬೆ ಇಟ್ಟವ್ರೆ!”

ಎಲ್ಲರೂ ಬಂದು ಸುತ್ತ ನೆರೆದರು. ಅವರ ಊರಲ್ಲಿ ಕಟ್ಟುವ ಮನೆಗೆ ಕೆಟ್ಟ ಕಣ್ಣು ತಾಗದಿರಲಿ ಎಂದು ದಪ್ಪ ಕಣ್ಣು, ಕೆಂಪು ನಾಲಗೆಯ ಮುಖವೊಂದನ್ನು ತೂಗುಹಾಕುತ್ತಾರಂತೆ.

“ನಮ್ಮವಕ್ಕಿಂತ ಜೋರಾಗೈತೆ. ನಾಲಗೆ ನೋಡ್ರಿ!” ಎಂದರು ಚನ್ನವೀರಪ್ಪ. “ಗಂಗಾ, ನಿನ್ನ ಫೋನ್ ಕೊಡಿಲ್ಲಿ. ಪಕ್ಕದಲ್ಲಿ ನಿಲ್ಲು. ಹೊಸ ಮನೆಗೆ ಇಂಥದ್ದೇ ಮಾಡಿಸೋಣ.”

ಗಂಗಾಂಬಿಕೆ ನನ್ನ ಪಕ್ಕ ನಿಂತು ನಕ್ಕಳು. ನಾಲ್ಕು ನೂರು ವರ್ಷದಲ್ಲಿ ಯಾರೂ ನನ್ನನ್ನು ಕೇಡು ಕಳೆಯುವವನು ಎಂದಿರಲಿಲ್ಲ. ನನಗೆ ನಾಚಿಕೆಯಾಯಿತು. ಜೊತೆಗೆ ಆಸೆಯೂ ಆಯಿತು. ಇವರು ಹೀಗೇ ತಿಳಿದುಕೊಂಡು ಹೊರಟುಹೋಗಲಿ ಎನ್ನಿಸಿತು.

ಅಷ್ಟರಲ್ಲಿ ಕೋಟೆಯ ಗೈಡ್ ಬಂದಳು. ಇಂಗ್ಲಿಷಿನಲ್ಲಿ ಹೇಳಿದಳು. ಪ್ರವಾಸದ ಮೇಲ್ವಿಚಾರಕ ಮಧುಕರ ಅದನ್ನು ಕನ್ನಡಕ್ಕೆ ತರುವ ಮೊದಲು ಒಮ್ಮೆ ಕೆಮ್ಮಿದ.

“ಸಾರ್, ಇದು ದೃಷ್ಟಿಬೊಂಬೆ ಅಲ್ವಂತೆ. ಜಾಸ್ತಿ ಮಾತಾಡೋ ಹೆಂಗಸರ ಮುಖಕ್ಕೆ ಹಾಕಿ ಬೀದಿಯಲ್ಲಿ ನಿಲ್ಲಿಸ್ತಿದ್ರಂತೆ.”

ಗೈಡ್ ನನ್ನನ್ನು ತಿರುಗಿಸಿ ಒಳಗಿನ ನಾಲಗೆ ತೋರಿಸಿದಳು. ಗಂಗಾಂಬಿಕೆಯ ಮುಖದಲ್ಲಿ ಫೋಟೋಗೆ ನಕ್ಕ ನಗು ಹಾಗೇ ಅಂಟಿಕೊಂಡಿತ್ತು, ಅದನ್ನು ತೆಗೆಯುವುದು ಅವಳಿಗೆ ಮರೆತುಹೋಗಿತ್ತು.

“ಒಂದು ಡಜನ್ ಪಾರ್ಸಲ್ ಮಾಡ್ಸು ಮಧುಕರ!” ಎಂದು ಯಾರೋ ಕೂಗಿದರು. “ನಮ್ಮ ಮಹಿಳಾ ಸಮಾಜಕ್ಕೆ ಬೇಕು!”

“ನಮ್ಮನೆಗೆ ಬೇಡಪ್ಪ,” ಎಂದರು ಚನ್ನವೀರಪ್ಪ. “ನಮ್ಮೋಳಿಗೆ ಕಣ್ಣು ಬಿಟ್ರೆ ಸಾಕು.”

ಎಲ್ಲರೂ ನಕ್ಕರು. ಗಂಗಾಂಬಿಕೆಯೂ ನಕ್ಕಳು.

ಆಮೇಲೆ ಮೇಲಿಂದ ನದಿ ನೋಡಲು ತಂಡ ಬುರುಜು ಹತ್ತಿತು. ಮಂಡಿನೋವಿನ ಇಬ್ಬರು ಹೆಂಗಸರು ನನ್ನೆದುರಿನ ಬೆಂಚಿನ ಮೇಲೆ ಉಳಿದರು.

“ಗಂಗಕ್ಕ,” ಎಂದರು ಕಾತ್ಯಾಯಿನಿ. “ಭಾನುವಾರ ಊರು ಸೇರ್ತೀವಿ. ಸೋಮವಾರ ದಿನ ಚೆನ್ನಾಗೈತೆ. ವಿನುತನ್ನ ಅವತ್ತೇ ಕಳಿಸಿಬಿಡ್ರಿ. ತವರಿಗೆ ಬಂದು ತಿಂಗಳಾಯ್ತು, ಜನ ಕೇಳ್ತಾರೆ. ಚನ್ನವೀರಣ್ಣಾರು ಆಗಲೇ ಒಪ್ಪವ್ರೆ.”

ಗಂಗಾಂಬಿಕೆ ಸ್ವೆಟರಿನ ಗುಂಡಿ ಹಾಕಿಕೊಂಡಳು.

“ಅವಳ ಎಡಗಿವಿ ಸರಿಹೋಗುತ್ತೆ ಅಂದವ್ರಲ್ಲ ಡಾಕ್ಟ್ರು. ನಮ್ಮ ಹುಡುಗ ಬೇಕಂತ ಹೊಡೆದ್ನಾ? ಕೈ ಬಿತ್ತು. ಅವಳೂ ಎದುರು ಮಾತಾಡ್ತಾಳೆ.” ಸ್ವಲ್ಪ ತಡೆದು, ದನಿ ತಗ್ಗಿಸಿದರು. “ನಾನು ಕಾಣದ ಏಟಾ? ನಮ್ಮೆಜಮಾನ್ರು ಇದ್ದಾಗ ನಂದು ಒಂದು ಹಲ್ಲೇ ಹೋಗಿತ್ತು. ಬಚ್ಚಲಲ್ಲಿ ಜಾರಿ ಬಿದ್ದೆ ಅಂದೆ. ಹೆತ್ತವ್ವನಿಗೂ ಹೇಳಲಿಲ್ಲ.”

ಅದನ್ನು ಹೆಮ್ಮೆಯಿಂದಲೇ ಹೇಳಲು ಹೊರಟವರು ಕೊನೆಗೆ ಬರುವಷ್ಟರಲ್ಲಿ ತಡವರಿಸಿದರು. “ಅಯ್ಯೋ, ನಿಮ್ಮ ಹತ್ರ ಇದನ್ನ ಯಾಕೆ ಹೇಳಿದೆನೋ,” ಎಂದು ಸೆರಗಿನಿಂದ ಬಾಯಿ ಒರೆಸಿಕೊಂಡು, ನೀರಿನ ಬಾಟಲಿ ತುಂಬಿಸಿಕೊಂಡು ಬರುತ್ತೇನೆಂದು ಎದ್ದುಹೋದರು.

ಗಂಗಾಂಬಿಕೆ ಆಗಲೂ ಒಂದು ಮಾತೂ ಆಡಿರಲಿಲ್ಲ. ನಾನು ಅವಳ ತಲೆಯ ಹಿಂದೆ ಬೀಗ ಹುಡುಕಿದೆ. ಮುಡಿಯಿತ್ತು, ಒಂದು ಕ್ಲಿಪ್ಪಿತ್ತು. ಕಬ್ಬಿಣದ ಪಟ್ಟಿಯಿಲ್ಲ, ತಿರುಪಿಲ್ಲ. ತುಟಿ ಮಾತ್ರ ನನ್ನ ಹದಿನೇಳು ಹೆಂಗಸರ ತುಟಿಯಂತೆಯೇ ಬಿಗಿದಿತ್ತು. ನನ್ನ ಆಯುಷ್ಯದಲ್ಲಿ ನನಗೆ ಅಷ್ಟು ದೊಡ್ಡ ಆಘಾತ ಎಂದೂ ಆಗಿರಲಿಲ್ಲ. ಎಲ್ಲ ಪಾಪವೂ ನನ್ನದೇ ಎಂದುಕೊಂಡಿದ್ದೆ. ನನ್ನನ್ನು ತೆಗೆದು ಮೂಲೆಗೆಸೆದ ದಿನ ಆ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ನಾನಿಲ್ಲದೆಯೂ ಅದು ಇಷ್ಟು ಸಲೀಸಾಗಿ ನಡೆದುಕೊಂಡು ಬಂದಿತ್ತು!

ಅವಳ ಫೋನ್ ಗುಂಯ್‌ಗುಟ್ಟಿತು. ವಿನುತ ದನಿಯಲ್ಲೇ ಸಂದೇಶ ಕಳಿಸಿದ್ದಳು. ಗಂಗಾಂಬಿಕೆ ಕಿವಿಗೆ ಹಿಡಿದಳು. ನನಗೂ ಕೇಳಿಸಿತು.

“ಅಮ್ಮಾ, ಅಪ್ಪ ಫೋನ್ ಮಾಡಿದ್ರು. ಸೋಮವಾರಕ್ಕೆ ಬಟ್ಟೆ ಜೋಡಿಸ್ಕೊ ಅಂದ್ರು. ನೀನೂ ಹೂಂ ಅಂದ್ಯಂತೆ. ಹೌದಾ? ನೀನೇ ಹೇಳಮ್ಮ. ಈಗ ಫೋನ್ ಬಲಗಿವಿಗೇ ಹಿಡ್ಕೊತೀನಿ. ಮೆಲ್ಲಗೆ ಹೇಳಿದ್ರೂ ಕೇಳಿಸ್ತದೆ.”

ಅವಳು ಎರಡನೆಯ ಸಲ ಕೇಳಿದಳು. ಮೂರನೆಯ ಸಲ ‘ನೀನೂ ಹೂಂ ಅಂದ್ಯಂತೆ’ ಎನ್ನುವಲ್ಲಿಗೆ ನಿಲ್ಲಿಸಿದಳು.

“ನಾನೆಲ್ಲಿ ಅಂದೆ?” ಎಂದಳು. ಕೋಣೆಯಲ್ಲಿ ನಾನೊಬ್ಬನೇ ಇದ್ದೆ. “ನಾನು ಏನೂ ಅನ್ನಲಿಲ್ಲ.”

ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿದಂತೆ ತಟ್ಟನೆ ಎದ್ದು ನಿಂತಳು. ನನ್ನ ಹತ್ತಿರ ಬಂದಳು. ಮುಟ್ಟಬಾರದೆಂದು ಬರೆದ ಹಲಗೆ ಅಲ್ಲೇ ಇತ್ತು. ಅವಳು ತೋರುಬೆರಳನ್ನು ನನ್ನ ಒಳನಾಲಗೆಯ ಮೇಲಿಟ್ಟು, ಒರಟು ಅಂಚಿನುದ್ದಕ್ಕೂ ಎಳೆದಳು. ಎಷ್ಟು ಉದ್ದ, ಎಷ್ಟು ಅಗಲ ಎಂದು ಅಳೆಯುವವಳಂತೆ ಕೊನೆಯವರೆಗೆ ಹೋದಳು. ಬೆರಳಿಗೆ ಹತ್ತಿದ ತುಕ್ಕನ್ನು ನೋಡಿಕೊಂಡಳು. ಆಗ ಅವಳ ತುಟಿ ಅಲ್ಲಾಡಿತು. ದನಿ ಇರಲಿಲ್ಲ. ಬಾಯಿಗಳ ವಿಷಯದಲ್ಲಿ ನನಗೆ ದನಿ ಬೇಕಿಲ್ಲ.

ಕಳಿಸಲ್ಲ.

ಬುರುಜಿನಿಂದ ತಂಡ ಇಳಿದು ಬಂತು. ಚನ್ನವೀರಪ್ಪ ಏದುಸಿರು ಬಿಡುತ್ತಿದ್ದರು. “ಮೇಲಿಂದ ನೋಡ್ಬೇಕಿತ್ತು ಗಂಗಾ, ನದಿ ಎಷ್ಟು ಚೆಂದ ತಿರುಗ್ತದೆ! ಇಷ್ಟೊತ್ತು ಏನ್ ಮಾಡ್ದೆ?”

“ಏನಿಲ್ಲ, ಕೂತಿದ್ದೆ.”

“ಫೋನ್ ಕೊಡು, ಫೋಟೋ ಕಳಿಸ್ಬೇಕು.”

“ಚಾರ್ಜಿಲ್ಲ,” ಎಂದು ಅವಳು ಫೋನನ್ನು ಬ್ಯಾಗಿನೊಳಗೆ ಹಾಕಿ ಜಿಪ್ ಎಳೆದಳು.

ಕಾತ್ಯಾಯಿನಿ ಬಾಟಲಿ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದರು. “ಹಂಗಾದ್ರೆ ಸೋಮವಾರ ಅಂತ ಇಟ್ಕೊಳ್ಳಲಾ ಗಂಗಕ್ಕ?”

ಗಂಗಾಂಬಿಕೆ ಅವರ ಕೈ ಹಿಡಿದುಕೊಂಡಳು. “ಮೆಟ್ಟಿಲು ಸವೆದು ಜಾರ್ತವೆ ಬೀಗರೇ. ನೋಡ್ಕೊಂಡು ಇಳೀರಿ.”

ಇಬ್ಬರೂ ಒಬ್ಬರನ್ನೊಬ್ಬರು ಆನಿಸಿಕೊಂಡು ಇಳಿದುಹೋದರು.

ಈಗ ನನಗೆ ವಯಸ್ಸಾಯಿತು. ತುಕ್ಕು ಒಳನಾಲಗೆಯನ್ನು ತಿನ್ನುತ್ತಾ ಬಂದಿದೆ. ಬರುವ ಚಳಿಗಾಲಕ್ಕೆ ನನ್ನನ್ನು ಉಗ್ರಾಣಕ್ಕೆ ಸೇರಿಸುತ್ತಾರೆಂದು ಗೈಡ್ ಹೇಳುತ್ತಿದ್ದಳು. ಆ ಸೋಮವಾರ ಚಿತ್ರದುರ್ಗದಲ್ಲಿ ಏನಾಯಿತೋ ನನಗೆ ತಿಳಿಯುವ ದಾರಿಯಿಲ್ಲ. ಆದರೆ ನುಂಗಿದ ಮಾತು ಗಂಟಲಲ್ಲಿ ಹೇಗೆ ಇಳಿಯುತ್ತದೆಂದು ನನ್ನಷ್ಟು ಬಲ್ಲವರಿಲ್ಲ, ಹದಿನೇಳು ಸಲ ಅದನ್ನು ಹತ್ತಿರದಿಂದ ಕಂಡವನು ನಾನು. ಮೆಟ್ಟಿಲ ಕಡೆ ತಿರುಗಿದಾಗ ಗಂಗಾಂಬಿಕೆಯ ಗಂಟಲು ಅಲುಗಲಿಲ್ಲ. ಅವಳು ಆ ಮಾತನ್ನು ನುಂಗಿರಲಿಲ್ಲ, ಬಾಯಲ್ಲೇ ಇಟ್ಟುಕೊಂಡು ಇಳಿದಿದ್ದಳು.