ಪ್ರಮೇಸ್ತಿಯ ಫೋಲ್ಡರಿನಲ್ಲಿ ಬೀಡುಬಿಟ್ಟವರು

ಪ್ರಮೇಸ್ತಿಗೆ ಬೇಕಾಗಿದ್ದು ಒಂದೇ ಒಂದು ಸಹಿ. ಜಾವಾ ದ್ವೀಪದ ಸೆಮರಾಂಗ್ ಊರಿನ ಬಂದರಿನ ಓಣಿಗಳಿಗೆ ಸಮುದ್ರದ ನೀರು ಯಾವಾಗ ನುಗ್ಗುತ್ತದೆಂದು ಮೊದಲೇ ಲೆಕ್ಕ ಹಾಕಿ ಹೇಳುವುದು ಅವಳ ಪ್ರಬಂಧದ ವಿಷಯ. ಈ ತಿಂಗಳು ಅದರ ಮೇಲೆ ಎಲ್ಲರೂ ಗೌರವದಿಂದ ಪಾಕ್ ಎಂದು ಕರೆಯುವ ಪ್ರಾಧ್ಯಾಪಕ ವಿರತ್ನೊ ಅವರ ಸಹಿ ಬಿದ್ದರೆ ಪದವಿ, ಪದವಿ ಸಿಕ್ಕರೆ ಬಂದರು ಕಚೇರಿಯಲ್ಲಿ ಕೆಲಸ.

ಲೆಕ್ಕ ಹಾಕುವ ಪ್ರೋಗ್ರಾಂ ಮಾತ್ರ ಮಹಾ ಬಿಗುಮಾನದ್ದು. ಮೊದಲು ಬೇರೆ ನಾಲ್ಕು ಲೈಬ್ರರಿ, ಅಂದರೆ ತಾನು ನೆಚ್ಚಿಕೊಂಡ ಸಿದ್ಧ ಕೋಡಿನ ಕಟ್ಟುಗಳು, ಬಂದು ಕೂತಿರಬೇಕು, ಆಮೇಲೇ ತಾನು ಎಂದಿತು. ಅವಳು ವಿಭಾಗದವರೆಲ್ಲ ಬಳಸುವ ಸರ್ವರ್ ನೋಡಿಕೊಳ್ಳುವ ತುಗಿಮಾನ್‌ನನ್ನು ಕೇಳಿದಳು.

"ಎಲ್ರಿಗೂ ಸೇರಿದ ಜಾಗದಲ್ಲಿ ಏನೂ ಹಾಕೋ ಹಾಗಿಲ್ಲ ಅಕ್ಕ, ರೂಲ್ಸು. ನಿಮ್ಮ ಫೋಲ್ಡರಿಗೆ ಸೋರ್ಸ್ ಕೋಡ್ ಇಳಿಸ್ಕೊಂಡು ನೀವೇ ಕಟ್ಕೊಳ್ಳಿ. ಮೂರೇ ಕಮಾಂಡು, ಚಹಾ ಕುಡಿಯೋದ್ರೊಳಗೆ ಮುಗಿಯುತ್ತೆ."

ಎಷ್ಟು ಲೋಟ ಚಹಾ ಎಂದು ಮಾತ್ರ ಆ ಪುಣ್ಯಾತ್ಮ ಹೇಳಲಿಲ್ಲ. ಮೊದಲನೆಯ ಲೈಬ್ರರಿ ಎರಡನೆಯದೆಲ್ಲಿ ಎಂದು ಕೇಳಿತು. ಎರಡನೆಯದು ಮೂರನೆಯದರ ಹೊಸ ಆವೃತ್ತಿ ತಾ ಎಂದಿತು. ಮೂರನೆಯದಕ್ಕೆ ಕೋಡನ್ನು ಕಟ್ಟಿಕೊಡುವ ಕಂಪೈಲರ್ ಹಳೆಯದೇ ಆಗಬೇಕಿತ್ತು. ಸರ್ಕಾರಿ ಕಚೇರಿಯಲ್ಲಿ ಈ ಮೇಜಿನಿಂದ ಆ ಮೇಜಿಗೆ ಅಲೆಸಿದ ಹಾಗೆ. ಪ್ರತಿ ಸಲ ಕಂಪ್ಯೂಟರ್ ನಲವತ್ತು ನಿಮಿಷ ಪುಟಗಟ್ಟಲೆ ಸಾಲು ಉಗುಳಿ, ಕೊನೆಗೆ ಯಾವುದೋ ಒಂದು ಫೈಲ್ ಕಾಣುತ್ತಿಲ್ಲ ಎಂದು ಕೈಚೆಲ್ಲುತ್ತಿತ್ತು. ಫೈಲ್ ಅಲ್ಲೇ ಇತ್ತು. ಅಲ್ಲಿ ಹುಡುಕು ಎಂದು ಯಾರೂ ಅದಕ್ಕೆ ಹೇಳಿರಲಿಲ್ಲ, ಅಷ್ಟೇ. ಹನ್ನೊಂದನೆಯ ದಿನ ಎಲ್ಲವನ್ನೂ ಕಟ್ಟಿ ಮುಗಿಸಿ ಪ್ರೋಗ್ರಾಂ ಓಡಿದಾಗ ಅವಳಿಗೆ ಅಳುವೇ ಬಂತು.

ವಿರತ್ನೊ ಅವರ ಪ್ರಯೋಗಾಲಯದಲ್ಲಿ ಹಬ್ಬ. ಬಿಸಿಬಿಸಿ ಕರಿದ ಲುಂಪಿಯಾ ಸುರುಳಿಗಳನ್ನು ತರಿಸಿದರು. ತಿಂದು ಕೈ ಒರೆಸಿಕೊಳ್ಳುವ ಮೊದಲೇ ಅಲ್ಲಿನ ಉಳಿದ ಏಳು ಮಂದಿ ವಿದ್ಯಾರ್ಥಿಗಳು ತಮ್ಮ ತಮ್ಮ ಪ್ರೋಗ್ರಾಂಗಳಿಗೆ ಪ್ರಮೇಸ್ತಿಯ ಫೋಲ್ಡರಿನ ದಾರಿ ತೋರಿಸಿಬಿಟ್ಟರು. ತಾವೂ ಯಾಕೆ ಕಟ್ಟಬೇಕು, ಅಕ್ಕ ಕಟ್ಟಿದ್ದಾಳಲ್ಲ!

ಪ್ರಬಂಧ ಹಿಡಿದು ಹೋದಾಗ ವಿರತ್ನೊ ಪ್ರೀತಿಯಿಂದ ಕೂರಿಸಿದರು.

"ಬಹಳ ಚೆನ್ನಾಗಿದೆಯಮ್ಮ. ಇನ್ನೊಂದು ಸೆಮಿಸ್ಟರ್ ಕೂತು ತಿದ್ದು."

"ಎಲ್ಲಿ ತಿದ್ಬೇಕು ಪಾಕ್?"

"ತಿದ್ದೋಕೇನಿದೆ? ಪದವಿ ಆದ ದಿನವೇ ತುಗಿಮಾನ್ ನಿನ್ನ ಅಕೌಂಟ್ ಅಳಿಸ್ತಾನೆ. ಆ ಲೈಬ್ರರಿಗಳನ್ನ ಎತ್ತಿ ಬೇರೆ ಕಡೆ ಇಟ್ರೆ ಓಡಲ್ಲ ಅಂತ ನೀನೇ ಹೇಳಿದ್ದೆ. ಆಮೇಲೆ ನಮ್ಮ ಗತಿ?"

"ಕಟ್ಟೋದು ಹೇಗೆ ಅಂತ ಹನ್ನೆರಡು ಪುಟ ಬರೆದಿಟ್ಟಿದ್ದೀನಿ. ಯಾರು ಬೇಕಾದ್ರೂ ಕಟ್ಕೋಬಹುದು."

"ಯಾರಿಗಮ್ಮ ಅಷ್ಟು ಪುರುಸೊತ್ತು?"

ಪ್ರಮೇಸ್ತಿಗೆ ಮೈಯೆಲ್ಲ ಉರಿಯಿತು. ಜಾವಾದಲ್ಲಿ ಚಿಕ್ಕಂದಿನಿಂದ ಕಲಿತ ಮರ್ಯಾದೆ ಬಾಯಿ ಬಿಡಗೊಡಲಿಲ್ಲ. ಬೆರಳುಗಳು ಆ ಮರ್ಯಾದೆ ಕಲಿತಿರಲಿಲ್ಲ. "ಕ್ಷಮಿಸಿ ಪಾಕ್" ಎಂದು ತಲೆಬಾಗಿ, ಅಲ್ಲೇ ಲ್ಯಾಪ್‌ಟಾಪ್ ತೆರೆದು, ತನ್ನ ಫೋಲ್ಡರಿನೊಳಗೆ ಬೇರೆ ಯಾರೂ ಕಾಲಿಡದಂತೆ ಒಂದು ಸಾಲು ಕಮಾಂಡ್ ಹೊಡೆದಳು. ಪಕ್ಕದ ಪ್ರಯೋಗಾಲಯದಲ್ಲಿ ಪ್ರೋಗ್ರಾಂ ನಿಂತು ಒಬ್ಬ ಅಯ್ಯೋ ಎಂದ. ಆಮೇಲೆ ಇನ್ನಿಬ್ಬರು.

"ಅದೇನು ಗಲಾಟೆ?"

"ನನ್ನ ಪದವಿ ದಿನ ಆಗ್ಬೇಕಾದ್ದು ಇವತ್ತೇ ಆಯ್ತು ಪಾಕ್. ಇನ್ನು ನನ್ನನ್ನ ಇಟ್ಕೊಂಡು ಏನೂ ಉಪಯೋಗ ಇಲ್ಲ."

ವಿರತ್ನೊ ಬಾಗಿಲ ಕಡೆ ನೋಡಿದರು, ಅವಳನ್ನು ನೋಡಿದರು. ಪೆನ್ನು ಜೇಬಿನಲ್ಲೇ ಇತ್ತು. ಸಹಿ ಹಾಕಿ, "ಆ ಹನ್ನೆರಡು ಪುಟ ಕೊಟ್ಟು ಹೋಗು" ಎಂದು ಗೊಣಗಿದರು. "ಸೋಮವಾರ ಹೊಸಬಳೊಬ್ಬಳು ಸೇರ್ತಾಳೆ. ಅವಳ ಫೋಲ್ಡರಲ್ಲಿ ಕಟ್ಟಿಸೋಣ. ಅವಳಿಗಿನ್ನೂ ಎರಡು ವರ್ಷ ಇದೆ."

ಪ್ರಮೇಸ್ತಿ ಒಂದು ನಿಮಿಷ ಕೊಡಿ ಎಂದು ಆ ಹನ್ನೆರಡು ಪುಟ ಹೊರತೆಗೆದಳು. ಮೊದಲ ಪುಟದಲ್ಲಿ, ಶುರು ಮಾಡುವ ಮುನ್ನ ಇರಲೇಬೇಕಾದವುಗಳ ಪಟ್ಟಿಯ ನೆತ್ತಿಯ ಮೇಲೆ, ಕೈಬರಹದಲ್ಲಿ ಹೊಸದೊಂದು ಸಾಲು ಸೇರಿಸಿದಳು: ಪ್ರಾಧ್ಯಾಪಕರ ಸಹಿ. ಇದು ಸಿಗದೆ ಮುಂದಕ್ಕೆ ಹೋಗಬೇಡ, ತಂಗಿ.