ಕತ್ತಲೆಗೆ ಎಡೆಗೊಡದ ಮಾಬ್ಲ ಡಾಕ್ಟರು

ಯಾರ ಮನೆಗೆ ಹೋದರೂ ಡಾಕ್ಟರ್ ಮಹಾಬಲೇಶ್ವರರ ಕೈ ಮೊದಲು ತಡವುತ್ತಿದ್ದದ್ದು ಗೋಡೆಯ ಸ್ವಿಚ್ಚನ್ನು. ಚಪ್ಪಲಿ ಬಿಡುವುದು, ಕುಶಲ ವಿಚಾರಿಸುವುದು, ಕೂರುವುದು ಎಲ್ಲ ಆಮೇಲೆ. ಮೂಲೆಯಲ್ಲೆಲ್ಲೋ ಒಂದಿಷ್ಟು ಮಬ್ಬು ಉಳಿದಿದ್ದರೆ ಅದನ್ನು ಓಡಿಸುವತನಕ ಆ ಮನುಷ್ಯನಿಗೆ ನೆಮ್ಮದಿಯಿಲ್ಲ. ಅಡಿಲೇಡಿನ ಪ್ರಾಸ್ಪೆಕ್ಟಿನಲ್ಲಿ ಅವರ ಮನೆಗೆ ವಿಳಾಸ ಕೇಳುವವರಿಲ್ಲ. ವರ್ಷಪೂರ್ತಿ ದೀಪಾವಳಿ ಮಾಡುವ ಮನೆ ಎಂದರೆ ಸಾಕು, ಕನ್ನಡದವರೆಲ್ಲ ನಗುತ್ತ ದಾರಿ ತೋರಿಸುತ್ತಿದ್ದರು.

ಆಸ್ಪತ್ರೆಯ ಓಣಿಗಳಲ್ಲಿ ನಡೆದೂ ನಡೆದೂ ರೂಢಿಯಾದ, ಹಿಮ್ಮಡಿ ನೆಲಕ್ಕೆ ತಾಗದ ನಡಿಗೆ ಅವರದು. ಬೇಸಗೆಯಲ್ಲೂ ಮೈಬಿಡದ ಕಂದು ಬಣ್ಣದ ಕೋಟು. ಅದರ ಒಂದು ಜೇಬಿನಲ್ಲಿ ಟಾರ್ಚು, ಇನ್ನೊಂದರಲ್ಲಿ ಬ್ಯಾಂಡೇಜು, ಒಳಜೇಬಿನಲ್ಲಿ ಯಾರಿಗಾದರೂ ವಾಂತಿ ಬಂದರೆ ಇರಲಿ ಎಂದು ಶುಂಠಿ ಪೆಪ್ಪರಮೆಂಟು. ಆಪರೇಷನ್ನಿಗೆ ಮುನ್ನ ಅರಿವಳಿಕೆ ಕೊಡುವ ವೈದ್ಯರು ಅವರು. ಬಿಳಿಯ ರೋಗಿಗಳ ಬಾಯಲ್ಲಿ 'ಡಾಕ್ಟರ್ ಮ್ಯಾಕ್', ನಮ್ಮವರ ಬಾಯಲ್ಲಿ 'ಮಾಬ್ಲ ಡಾಕ್ಟ್ರು'. ಮಾತಿಗೊಮ್ಮೆ, "ನೀವೇನೂ ಯೋಚ್ನೆ ಮಾಡ್ಬೇಡಿ, ನಾನಿದೀನಲ್ಲ" ಎನ್ನುವುದು ಅವರ ವಾಡಿಕೆ. ಹಾಗೆ ಹೇಳಿಸಿಕೊಂಡವರು ಮರುಕ್ಷಣವೇ ಕಣ್ಣು ಮುಚ್ಚಿ ನಿದ್ದೆ ಹೋಗುವುದೂ ಅವರಿಗೆ ಅಷ್ಟೇ ವಾಡಿಕೆ. ಬೇಡ ಎಂದು ಎದ್ದು ಕೂತ ರೋಗಿಯನ್ನು ಅವರು ವೃತ್ತಿಯಲ್ಲಿ ಕಂಡಿರಲಿಲ್ಲ.

ಈ ಬೆಳಕಿನ ಹುಚ್ಚು ಹುಟ್ಟುಗುಣವೇನಲ್ಲ. ಹೆಂಡತಿ ಇಂದಿರಾಗೆ ಇರುಳುಗಣ್ಣು ಶುರುವಾಗಿತ್ತು. ಹಗಲಿನಲ್ಲಿ ಸೂಜಿಗೆ ದಾರ ಪೋಣಿಸುತ್ತಿದ್ದ ಆಕೆ ಸಂಜೆಯಾದರೆ ಹೊಸಿಲು ತಡವುತ್ತಿದ್ದರು. ಒಮ್ಮೆ ಟೀಪಾಯಿಗೆ ಎಡವಿ ಮೊಣಕಾಲು ಒಡೆದುಕೊಂಡ ಮೇಲೆ ಡಾಕ್ಟರು ಮೆಟ್ಟಿಲುಮೆಟ್ಟಿಲಿಗೂ ದೀಪ ಹಾಕಿಸಿದರು. ಇದಕ್ಕೆ ಮದ್ದಿಲ್ಲ, ರಾತ್ರಿಯ ದೃಷ್ಟಿ ಬರಬರುತ್ತ ಪೂರ್ತಿ ಹೋಗುತ್ತದೆ ಎಂದು ಕಣ್ಣಿನ ವೈದ್ಯರು ಹೇಳಿದ್ದರು.

ಆಗ ಇಂದಿರಾಗೆ ಒಂದು ಆಸೆ ಮೂಡಿತು. ದೇವಸ್ಥಾನದಲ್ಲಿ ಅರ್ಚನೆ ಮಾಡಿಸುವಾಗಲೆಲ್ಲ ಗಂಡ ತನ್ನ ಪರವಾಗಿ "ಇಂದಿರಾ, ಜ್ಯೇಷ್ಠಾ ನಕ್ಷತ್ರ" ಎಂದು ಗಟ್ಟಿಯಾಗಿ ಹೇಳುವುದನ್ನು ಆಕೆ ಮದುವೆಯಾದಂದಿನಿಂದ ಕೇಳುತ್ತ ಬಂದಿದ್ದರು. ಆ ನಕ್ಷತ್ರವನ್ನು ಮಾತ್ರ ಕಂಡಿರಲಿಲ್ಲ. ಹುಟ್ಟಿದಾರಭ್ಯ ತನ್ನ ಹೆಸರಿಗೆ ಅಂಟಿಕೊಂಡು ಬಂದದ್ದನ್ನು, ರಾತ್ರಿಯ ದೃಷ್ಟಿ ಪೂರ್ತಿ ಹೋಗುವ ಮೊದಲು ಒಂದು ಸಲ ನೋಡಬೇಕು. ಅಷ್ಟೇ.

ಪರ್ತಿನ ಬೆಂಟ್ಲಿಯಲ್ಲಿ ಓದುತ್ತಿದ್ದ ಮಗಳು ಅಪರ್ಣಾ ಅದನ್ನು ಕೇಳಿಸಿಕೊಂಡಳು. ಉತ್ತರದ ಮರುಭೂಮಿಯಲ್ಲಿ, ಕೆಂಪು ಮಣ್ಣಿನ ನಡುವೆ, ಹಂಸತೂಲಿಕಾತಲ್ಪದಂಥ ಹಾಸಿಗೆಯ ಮೇಲೆ ಗಾಜಿನ ನೆತ್ತಿಯಿರುವ ಐಷಾರಾಮಿ ಡೇರೆಯೊಂದನ್ನು ಅಪ್ಪ ಅಮ್ಮನಿಗೆಂದು ಕಾದಿರಿಸಿ ಫೋನು ಮಾಡಿದಳು. "ಅಮ್ಮಾ, ಜುಲೈನಲ್ಲಿ ಇಟ್ಸ್ ರೈಟ್ ಓವರ್‌ಹೆಡ್. ರೆಡ್ ಒನ್. ಜಸ್ಟ್ ಯು ಟೂ, ಓಕೆ? ನೋ ಗ್ಯಾಂಗ್!"

ಇಂದಿರಾ ಗಂಡನಿಗೆ ಮೆಲ್ಲಗೆ ಹೇಳಿದರು: "ನಾವಿಬ್ರೇ ಹೋಗೋಣ ರೀ."

"ಆಯ್ತು" ಎಂದರು ಡಾಕ್ಟರು. ಮನಸಾರೆಯೇ ಅಂದರು, ಅದರಲ್ಲಿ ಕಪಟವಿಲ್ಲ. ಆದರೆ ಗುರುತಿಲ್ಲದ ನೆಲ, ಕತ್ತಲು, ಇಂದಿರಾ ಎಡವಿ ಬಿದ್ದರೆ ಹಿಡಿಯಲು ತನ್ನದೊಂದೇ ಕೈ ಎಂಬ ದಿಗಿಲು ಅವರನ್ನು ಬಿಡಲಿಲ್ಲ. ವಾರ ಕಳೆಯುವುದರೊಳಗೆ ಪ್ರಾಸ್ಪೆಕ್ಟ್ ರಸ್ತೆಯ ದಿನಸಿ ಅಂಗಡಿಯಲ್ಲಿ ಗೆಳೆಯ ರಾಘವ ಸಿಕ್ಕ. ಸ್ಯಾಲಿಸ್‌ಬರಿಯ ಕಾರ್ಖಾನೆಯಲ್ಲಿ ಇಂಜಿನಿಯರು, ಎಲ್ಲರನ್ನೂ ಸೇರಿಸುವುದರಲ್ಲಿ ಎತ್ತಿದ ಕೈ. ಪಯಣದ ಸುದ್ದಿ ಹೇಗೋ ಅವನಿಗಾಗಲೇ ಮುಟ್ಟಿತ್ತು.

"ಏನ್ ಡಾಕ್ಟ್ರೇ, ಸೆಕೆಂಡ್ ಹನಿಮೂನಾ? ನಮ್ಮನ್ನೆಲ್ಲ ಬಿಟ್ಟು ಹೊರಟ್ಬಿಟ್ರಾ?"

ನಮ್ಮ ಜನರಲ್ಲಿ ಇಬ್ಬರೇ ಎಲ್ಲಿಗಾದರೂ ಹೋಗುವುದೆಂದರೆ ಒಂದು ಬಗೆಯ ಕಳ್ಳತನವಿದ್ದಂತೆ. ಡಾಕ್ಟರಿಗೆ ನಾಚಿಕೆಯೂ ಆಯಿತು, ಒಳಗೊಳಗೇ ಧೈರ್ಯವೂ ಬಂತು. "ನೀವೂ ಬನ್ರಿ, ಅದಕ್ಕೇನಂತೆ" ಎಂದುಬಿಟ್ಟರು. ಹಾಗೆ ಒಂದು ಡೇರೆ ನಾಲ್ಕಾಯಿತು. ವಾಟ್ಸ್ಯಾಪಿನಲ್ಲಿ ಗುಂಪು ಹುಟ್ಟಿತು. ಪುಳಿಯೋಗರೆ ಗೊಜ್ಜು ಯಾರದು, ಸ್ಪೀಕರು ಯಾರದು ಎಂದು ಹಂಚಿಕೆಯಾಯಿತು. ಇಂದಿರಾ ಆ ಗುಂಪಿನಲ್ಲಿ ಒಂದು ನಮಸ್ಕಾರದ ಚಿತ್ರ ಹಾಕಿ ಸುಮ್ಮನಾದರು. ಆ ಮೌನವನ್ನು ಡಾಕ್ಟರು ಒಪ್ಪಿಗೆಯೆಂದು ಓದಿಕೊಂಡರು.

ಜುಲೈನಲ್ಲಿ ಎಲ್ಲರೂ ಮರುಭೂಮಿಯ ಬಿಡಾರ ಸೇರಿದರು. ಸಂಜೆಯಾದ ಮೇಲೆ ನೆಲಮಟ್ಟದ ಸಣ್ಣ ಕೆಂಪು ದೀಪಗಳ ಹೊರತು ಇನ್ನೇನೂ ಉರಿಯಕೂಡದೆಂಬುದು ಅಲ್ಲಿಯ ನೇಮ. ಬಿಡಾರದ ಮೇಲ್ವಿಚಾರಕಿ ಬಂದವರಿಗೆಲ್ಲ ತಿಳಿಸಿದಳು: ಕಣ್ಣು ಕತ್ತಲೆಗೆ ಪಳಗಲು ಹೊತ್ತು ಬೇಕು, ಒಂದು ಮಿಂಚು ಬೆಳಕು ಬಿದ್ದರೂ ಮತ್ತೆ ಮೊದಲಿನಿಂದ. ಡಾಕ್ಟರು ಆಕೆಯನ್ನು ಪಕ್ಕಕ್ಕೆ ಕರೆದು ಹೆಂಡತಿಯ ಕಾಯಿಲೆಯನ್ನು ವಿವರಿಸಿದರು. ಕಾಯಿಲೆಯ ಮಾತಿಗೆ ಆಕೆ ಇಲ್ಲವೆನ್ನಲಾರದೆ ಅವರ ಕಡೆಯ ಡೇರೆಗಳಿಗೆ ವಿನಾಯಿತಿ ಕೊಟ್ಟಳು. ಕಾರಿನ ಡಿಕ್ಕಿಯಿಂದ ದೀಪದ ಸರಗಳು ಹೊರಬಂದವು. ಡೇರೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ಊಟದ ಮೇಜಿಗೆ ಮದುವೆ ಚಪ್ಪರದಂತೆ ಬೆಳಕು ಹರಿಯಿತು. ಮೇಲೆ ಆಕಾಶ ರೊಟ್ಟಿ ಹೆಂಚಿನಂತೆ ಬರಿಗಪ್ಪಾಗಿತ್ತು.

"ಸ್ವಲ್ಪ ಹೊತ್ತು ಆರಿಸ್ತೀರಾ?" ಎಂದು ಇಂದಿರಾ ಕೇಳಿದರು.

"ಊಟ ಆಗ್ಲಿ, ಇಂದು. ಎಲ್ರೂ ಓಡಾಡ್ತಿದಾರೆ, ನೀನು ಬಿದ್ದುಗಿದ್ದೀಯ."

ಊಟವಾಯಿತು, ಅಂತ್ಯಾಕ್ಷರಿ ಶುರುವಾಯಿತು. ಇಂದಿರಾ ಮೆಲ್ಲನೆದ್ದು ಬೇಲಿಯ ಕಡೆಗೆ, ಕತ್ತಲಿದ್ದಲ್ಲಿಗೆ, ಕೈ ಮುಂಚಾಚಿ ನಡೆದರು. ಮುಖ ಮೇಲೆತ್ತಿ ಕಣ್ಣು ಪಳಗಲೆಂದು ಕಾದು ನಿಂತಾಗ ರಾಘವನ ಮಗಳು ಪೂರ್ವಿ ಫೋನಿನ ಬೆಳಕು ಹಿಡಿದು ಓಡಿಬಂದಳು: "ಆಂಟಿ, ಕೇರ್‌ಫುಲ್!" ಆಮೇಲೆ ಇನ್ನೊಬ್ಬರು. ಕೊನೆಗೆ ಸ್ವತಃ ಡಾಕ್ಟರು, ಟಾರ್ಚಿನೊಡನೆ. "ಒಬ್ಳೇ ಬಂದ್ಬಿಡೋದಾ? ನಾನಿದೀನಲ್ಲ!" ಒಬ್ಬರ ಪ್ರೀತಿಯಲ್ಲೂ ಕೊರತೆಯಿರಲಿಲ್ಲ.

ಮರುದಿನ ದೀಪ ಹಾಕುವುದಿಲ್ಲವೆಂದು ಡಾಕ್ಟರೇ ಒಪ್ಪಿದ್ದರು. ಆದರೆ ಮಧ್ಯಾಹ್ನಕ್ಕೆ ಗಾಳಿ ಎದ್ದಿತು; ಕೆಂಧೂಳು ಬಾನು ತುಂಬಿ, ಸಂಜೆಗೆ ಚಂದ್ರನೂ ಕಾಣಲಿಲ್ಲ. "ಮುಂದಿನ ವರ್ಷ ಬರೋಣ ಬಿಡು" ಎಂದರು ಡಾಕ್ಟರು. ಇಂದಿರಾ ಸೀರೆ ಮಡಿಸುತ್ತ ಹೂಂಗುಟ್ಟಿದರು.

ಮುಂದಿನ ಜುಲೈಗೆ ಅವರಿಬ್ಬರೇ ಹೋದರು. ಅಷ್ಟರಲ್ಲಿ ಇಂದಿರಾಗೆ ಸಂಜೆಯ ಮೇಲೆ ಎದುರು ನಿಂತವರ ಮುಖವೂ ತಿಳಿಯುತ್ತಿರಲಿಲ್ಲ. ಗೊತ್ತಿದ್ದೂ ಹೋದರು. ಡಾಕ್ಟರು ಒಂದು ದೀಪವನ್ನೂ ಹಚ್ಚದೆ ಹೆಂಡತಿಯ ಕೈಹಿಡಿದು ಬಯಲಿನ ಆರಾಮಕುರ್ಚಿಯಲ್ಲಿ ಕೂರಿಸಿ, ತಾವೂ ಕೂತರು.

"ಏನಾದ್ರೂ ಕಾಣುತ್ತಾ, ಇಂದು?"

"ಇಲ್ಲ ರೀ. ನೀವು ಹೇಳಿ, ಏನೇನಿದೆ?"

ಡಾಕ್ಟರು ತಲೆಯೆತ್ತಿದರು. ಅರ್ಚನೆಯಲ್ಲಿ ಅಷ್ಟು ಸಲ ಕೂಗಿ ಹೇಳಿದ್ದರೂ ಅದನ್ನು ಎಲ್ಲಿ ಹುಡುಕಬೇಕೆಂದು ತಿಳಿಯದೆ ತಡವರಿಸಿದರು. "ತುಂಬಾ ಇವೆ. ತುಂಬಾ... ಅಕ್ಕಿ ಚೆಲ್ಲಿದ ಹಾಗೆ."

"ಸರಿ ಬಿಡಿ, ಕೆಂಪಗಿರೋದು ಯಾವ್ದು ಹುಡುಕಿ. ಅಷ್ಟೂ ಗೊತ್ತಾಗಲ್ವೇನ್ರೀ, ಡಾಕ್ಟ್ರಾಗಿ?"

ಕೊನೆಗೂ ಕಂಡಿತು. "ಇದೆ. ನಿನ್ನ ನೆತ್ತಿ ಮೇಲೇ ಇದೆ."

"ಹೇಗಿದೆ? ಕುಂಕುಮದ ಹಾಗಾ?"

"ಅಲ್ಲ" ಎಂದರು. "ಬೂದಿ ಊದಿದಾಗ ಒಳಗಿಂದ ಕೆಂಡ ಕಾಣುತ್ತಲ್ಲ, ಹಾಗೆ."

ಇಂದಿರಾ ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವವರಂತೆ ತಲೆದೂಗಿ, ಗಂಡನ ಕೈ ತಟ್ಟಿದರು. "ಹೋಗ್ಲಿ, ನೀವಾದ್ರೂ ನೋಡಿದ್ರಲ್ಲ."

ಆಕೆ ಬೈದಿದ್ದರೆ ಡಾಕ್ಟರು ಹಗುರಾಗುತ್ತಿದ್ದರೇನೋ.

ಲೋಕದಲ್ಲಿ ಮಹಾಬಲೇಶ್ವರರಂಥವರು ಒಬ್ಬರಿಬ್ಬರಲ್ಲ. ತಮ್ಮವರ ದಾರಿಯ ಕಲ್ಲುಮುಳ್ಳನ್ನೆಲ್ಲ ಮುಂದಾಗಿ ಹೋಗಿ ಆರಿಸುವವರು, ಅವರಿಗಾಗಿ ನಿದ್ದೆಗೆಡುವವರು, ದೇಶಾಂತರ ಸಾಗುವವರು. ಅಂಥವರನ್ನು ಜರೆಯಲು ನಾಲಿಗೆ ಏಳುವುದಿಲ್ಲ. ಏಕೆಂದರೆ ಪ್ರೀತಿಸಿದ ಜೀವಕ್ಕಾಗಿ ಅವರು ಪಡದ ಪಾಡಿಲ್ಲ. ನಿನಗೆ ಏನು ಬೇಕೆಂದು ಕೇಳಿ, ಬಂದ ಉತ್ತರದಂತೆ ನಡೆಯುವ ಪಾಡೊಂದನ್ನು ಬಿಟ್ಟು.