ಮಾವನ ಚುಕ್ಕೆ ಅಲಸಂದೆ

ಅಳಿಯನಿಗೆ ಮಾವನ ಮನೆಯಲ್ಲಿ ಮರ್ಯಾದೆ ಇರಲಿಲ್ಲ. ಬೀಜ ಪರೀಕ್ಷಾ ಕೇಂದ್ರದಲ್ಲಿ ಕಂಪ್ಯೂಟರ್ ಕ್ಯಾಮೆರಾದಿಂದ ಬೀಜದ ಗುಣ ಅಳೆಯುವ ಕೆಲಸ ಎಂದು ಎಷ್ಟು ಬಿಡಿಸಿ ಹೇಳಿದರೂ ಮಾವ ಬಂದವರಿಗೆಲ್ಲ, "ನಮ್ಮ ಅಳಿಯಂದ್ರು ಕಾಳಿನ ಫೋಟೊ ತೆಗೀತಾರೆ. ಮನುಷ್ಯರದ್ದು ಬರಲ್ಲ," ಎನ್ನುತ್ತಿದ್ದರು.

ಈ ವರ್ಷ ಮಾವನ ಕಣ್ಣಿಗೆ ಪೊರೆ ಬಂತು. ಅವರ ಚುಕ್ಕೆ ಅಲಸಂದೆ ಬೇರೆ ಯಾರ ಬಳಿಯೂ ಇರಲಿಲ್ಲ. ಬಿತ್ತನೆಗೆಂದು ಇಟ್ಟ ಮೂರು ಕಿಲೋದಲ್ಲಿ ಬೆರೆತ ಬಿಳಿ ಕಾಳನ್ನು ಪ್ರತಿ ವರ್ಷ ಅವರೇ ತಟ್ಟೆಗೆ ಸುರಿದುಕೊಂಡು ಆರಿಸಿ ಎಸೆಯುತ್ತಿದ್ದರು. ಹೆಂಡತಿಯನ್ನೂ ನಂಬದ ಮನುಷ್ಯ ಈಗ ಗತಿಯಿಲ್ಲದೆ ಚೀಲ ಹೊತ್ತು ಕೇಂದ್ರಕ್ಕೆ ಬಂದರು.

"ನಾಲ್ಕೇ ನಿಮಿಷ, ಮಾವ," ಎಂದ ಅಳಿಯ.

ಬೆಲ್ಟಿನ ಮೇಲೆ ಓಡುವ ಕಾಳನ್ನು ಕ್ಯಾಮೆರಾ ನೋಡುತ್ತದೆ. ಕೆಟ್ಟದ್ದನ್ನು ಗಾಳಿ ಊದಿ ಪಕ್ಕಕ್ಕೆ ತಳ್ಳುತ್ತದೆ. ಪಕ್ಕದಲ್ಲೇ ಅದನ್ನು ನುಂಗಲು ಗಿರಣಿ ಬಾಯಿ ತೆರೆದುಕೊಂಡಿತ್ತು. ಹಿಂದೆಲ್ಲ ಕೇಂದ್ರದಲ್ಲಿ ಎಸೆದ ಕಾಳು ಹಿಂಬಾಗಿಲಿಂದ ಹೋಗಿ ಹೊಸ ಚೀಲದಲ್ಲಿ ಮತ್ತೆ ಬೀಜವಾಗಿ ಮಾರಾಟವಾಗುತ್ತಿದ್ದುದರಿಂದ ಮೇಲಧಿಕಾರಿ ಮಾಡಿಸಿದ ಏರ್ಪಾಡು ಅದು.

ಅಳಿಯ ಕಾಳು ಸುರಿದು, ಗುಂಡಿ ಒತ್ತಿ, ಪರದೆಗೆ ಬೆನ್ನು ಮಾಡಿ ಭಾಷಣಕ್ಕೆ ನಿಂತ. "ಇದಕ್ಕೆ ಕಲಿಸಿದ್ದೇ ನಾನು. ಆರು ತಿಂಗಳು, ಎಂಬತ್ತು ಸಾವಿರ ಫೋಟೊ! ಒಂದೊಂದಕ್ಕೂ ಒಳ್ಳೇದು, ಕೆಟ್ಟದ್ದು ಅಂತ ಗುರುತು ಹಾಕಿದೀನಿ."

"ಒಳ್ಳೇದು ಅಂದ್ರೆ ಹೇಗಿರತ್ತೆ?"

"ಬೆಳ್ಳಗೆ ಇರ್ಬೇಕು, ಮಾವ. ಒಂದು ಕಲೆ ಇರಬಾರದು."

ಮಾವ ಮೂಗು ಅರಳಿಸಿದರು. "ಅಳಿಯಂದ್ರೇ, ಇಲ್ಲಿ ಯಾರಾದ್ರೂ ಹಿಟ್ಟು ಬೀಸ್ತಿದ್ದಾರಾ?"

ಅಳಿಯ ಗಕ್ಕನೆ ತಿರುಗಿದ. ಪರದೆಯ ಮೇಲೆ ಚುಕ್ಕೆಯಿದ್ದ ಪ್ರತಿ ಕಾಳಿಗೂ ಕೆಂಪು ಚೌಕ: ರೋಗ, ರೋಗ, ರೋಗ. ಬಿಳಿ ಅಲಸಂದೆಗೆಂದು ಅವನೇ ಹೇಳಿಕೊಟ್ಟ ಪಾಠವನ್ನು ಯಂತ್ರ ಗಿಳಿಯಂತೆ ಒಪ್ಪಿಸುತ್ತಿತ್ತು. ತಡಕಾಡಿ ನಿಲ್ಲಿಸುವಷ್ಟರಲ್ಲಿ ಬೆಲ್ಟ್ ಖಾಲಿಯಾಗಿತ್ತು.

ಮಾವ ಒಳ್ಳೆಯ ಕಾಳಿನ ಡಬ್ಬಿಯ ತಳ ಬಳಿದು, ಸಿಕ್ಕಿದ್ದನ್ನು ರೆಪ್ಪೆಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದರು.

"ಇಷ್ಟು ವರ್ಷ ನಾನು ಎಸೀತಿದ್ದದ್ದನ್ನೇ ಆರಿಸಿ ಇಟ್ಟಿದೀಯಲ್ಲೋ, ಮುಠ್ಠಾಳ!"

"ಮನೇಲಿ ಇನ್ನೊಂದಿಷ್ಟು ಇತ್ತಲ್ಲ, ಮಾವ..."

"ಅದನ್ನ ನಿನ್ನೆ ಬೇಯಿಸಿ ಆಯ್ತು. ಎರಡು ಸಲ ಬಡಿಸ್ಕೊಂಡು ತಿಂದೋನು ನೀನೇ."

ಡಬ್ಬಿಯಲ್ಲಿ ಉಳಿದದ್ದು ನಲವತ್ತೊಂದು ಬಿಳಿ ಕಾಳು. ಹೋದದ್ದು ಮೂವತ್ತೆಂಟು ವರ್ಷ ಕಾಪಾಡಿದ ಒಂದು ತಳಿ: ತೂಕದಲ್ಲಿ ಮೂರು ಕಿಲೋ, ಎಣಿಕೆಯಲ್ಲಿ ಸುಮಾರು ಇಪ್ಪತ್ತು ಸಾವಿರ ಕಾಳು.